ಚಂದ್ರನ ಬಾಗಿಲಲ್ಲಿ ಬಂದ ಸಂಖ್ಯೆ 1202

1969ರ ಜುಲೈ 20. ನೀಲ್ ಆರ್ಮ್‌ಸ್ಟ್ರಾಂಗ್, ಬಜ್ ಆಲ್ಡ್ರಿನ್ ಇಬ್ಬರನ್ನು ಹೊತ್ತ ಈಗಲ್ ನೌಕೆ ಚಂದ್ರನ ಮೇಲೆ ಇಳಿಯುತ್ತಿತ್ತು. ಆಗ ಕಂಪ್ಯೂಟರಿನ ಎಚ್ಚರಿಕೆ ದೀಪ ಹೊತ್ತಿಕೊಂಡಿತು. ಕಂಡದ್ದು ಒಂದೇ ಸಂಖ್ಯೆ: 1202. ಏನಾಯಿತು, ಏನು ಮಾಡಬೇಕು ಅನ್ನುವ ಒಂದು ಮಾತೂ ಇಲ್ಲ.

ಯಾಕಿಷ್ಟು ಜಿಪುಣತನ? ಕಾರಣ, ಜಾಗವೇ ಇರಲಿಲ್ಲ. ಪ್ರೋಗ್ರಾಂ ಇಡಲು ಅದರಲ್ಲಿ ಇದ್ದದ್ದು 36,864 ಮನೆಗಳು. ಈಗಿನ ಲೆಕ್ಕದಲ್ಲಿ ಸುಮಾರು 70 ಕೆಬಿ. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೊ ಕೂಡ ಅದರಲ್ಲಿ ಹಿಡಿಯುವುದಿಲ್ಲ. ಆ ಪ್ರೋಗ್ರಾಂ ಅನ್ನು ಅಮೆರಿಕದ ರೇಥಿಯಾನ್ ಕಾರ್ಖಾನೆಯ ಹೆಣ್ಣುಮಕ್ಕಳು ಕೈಯಾರೆ ತಂತಿಯಲ್ಲಿ ನೇಯುತ್ತಿದ್ದರು. ತಂತಿ ಪುಟ್ಟ ಉಂಗುರದ ಒಳಗೆ ಹಾದರೆ ಒಂದು, ಹೊರಗೆ ಹಾದರೆ ಸೊನ್ನೆ.

ಹಾಗಾಗಿ ಎಂಐಟಿಯ ಎಂಜಿನಿಯರುಗಳು ತಪ್ಪುಗಳನ್ನು ನಿಭಾಯಿಸುವ ಕೆಲಸವನ್ನು ಒಂದೇ ಕಡೆ ಬರೆದಿಟ್ಟರು. ತಪ್ಪು ಎಲ್ಲಿ ಆಗಬಹುದೋ ಅಲ್ಲಿ ಎರಡೇ ಮನೆ ಖರ್ಚು: ಅದನ್ನು ಕರೆಯುವ ಒಂದು ಆದೇಶ, ಅದರ ಪಕ್ಕ ಒಂದು ಸಂಖ್ಯೆ. 1202 ಬಂದರೆ, ಹೊಸ ಕೆಲಸ ಹಿಡಿಯಲು ಜಾಗವಿಲ್ಲ ಎಂದರ್ಥ. ಇಳಿಯಲು ಬೇಕಿಲ್ಲದ ಒಂದು ರೇಡಾರ್ ಕಂಪ್ಯೂಟರಿನ ಸಮಯ ತಿನ್ನುತ್ತಿತ್ತು. ಕಂಪ್ಯೂಟರ್ ಮತ್ತೆ ಶುರುವಾಗಿ, ಮುಖ್ಯವಲ್ಲದ ಕೆಲಸ ಕೈಬಿಟ್ಟು, ಇಳಿಸುವ ಕೆಲಸ ಮುಂದುವರಿಸಿತು.

ಇದೆಲ್ಲ ಆ ಕ್ಷಣಕ್ಕೆ ಯಾತ್ರಿಗಳಿಗೆ ಹೇಗೆ ತಿಳಿಯಬೇಕು? ಅರ್ಥ ಇದ್ದದ್ದು ಹ್ಯೂಸ್ಟನ್ನಿನ ಒಂದು ಹಾಳೆಯಲ್ಲಿ. ಕೆಲವು ದಿನ ಮುಂಚೆ ನಡೆದ ತಾಲೀಮಿನಲ್ಲಿ ಇಂಥದ್ದೇ ಸಂಖ್ಯೆ ಬಂದು, ಇಳಿಯಬಹುದಾಗಿದ್ದರೂ ಇಳಿಯುವುದನ್ನು ರದ್ದು ಮಾಡಿದ್ದರು. ಆಮೇಲೆ 24 ವರ್ಷದ ಜ್ಯಾಕ್ ಗಾರ್ಮನ್ ಎಲ್ಲ ಎಚ್ಚರಿಕೆ ಸಂಖ್ಯೆಗಳ ಅರ್ಥವನ್ನು ಕೈಯಲ್ಲಿ ಬರೆದಿಟ್ಟುಕೊಂಡರು. 1202 ಅಂದಾಗ ಅವರು ಪಟ್ಟಿ ನೋಡಿ ಹೇಳಿದರು, 26 ವರ್ಷದ ಸ್ಟೀವ್ ಬೇಲ್ಸ್ ಮುಂದುವರಿಯಿರಿ ಎಂದರು. ಎಚ್ಚರಿಕೆ ಮತ್ತೆ ಮತ್ತೆ ಬಂತು. ನೌಕೆ ಇಳಿಯಿತು.

ಅವರು ಯಂತ್ರದೊಳಗೆ ಮಾತನ್ನು ಕಡಿಮೆ ಮಾಡಿದರು, ಅರ್ಥವನ್ನಲ್ಲ. ಅದನ್ನು ಹಾಳೆಗೆ ಸಾಗಿಸಿ, ಓದಬಲ್ಲವರನ್ನು ಕೂರಿಸಿದ್ದರು. ಇವತ್ತು ಜಾಗಕ್ಕೆ ಬರವಿಲ್ಲ. ಆದರೂ ಹೆಬ್ಬೆಟ್ಟು ಒತ್ತುವ ಯಂತ್ರದಲ್ಲಿ ಬರೀ ಎರರ್ ನಂಬರ್ ಬಂದು, "ನಾಳೆ ಬನ್ನಿ" ಅನ್ನಿಸಿಕೊಂಡು ಬರುವವರು ಎಷ್ಟೋ ಮಂದಿ. ಮುಂದಿನ ಸಲ ಕೇಳಿ ನೋಡಿ: ಈ ನಂಬರಿನ ಅರ್ಥ ಯಾವ ಹಾಳೆಯಲ್ಲಿದೆ?