ಪೋಗು, ಹೋಗು, ಓಗು: ಮುತ್ತತ್ತಿ ಸೀಮೆಯ ಕ್ರಿಯಾಪದವೂ ಲ್ಯಾಟಿನ್ನಿನ ‘ಫಾಕೆರೆ’ಯೂ

ಹಲಗೂರಿನಿಂದ ಕಾವೇರಿಯ ಕಡೆಗೆ ಹೊರಟವರನ್ನು ಎಲ್ಲಿಗೆಂದು ಕೇಳಿದರೆ ‘ಮುತ್ತತ್ತಿಗೆ ಓಗ್ಬುಟ್ಟು ಬತ್ತೀವಿ’ ಎನ್ನುತ್ತಾರೆ. ಮಳವಳ್ಳಿ, ಮದ್ದೂರು ಸೀಮೆಯ ಆಡುಮಾತಿನ ಈ ‘ಓಗು’ವನ್ನು ಅಶುದ್ಧವೆಂದು ತಳ್ಳಿಹಾಕುವ ರೂಢಿಯಿದೆ. ಅದು ಕನ್ನಡದ ಧ್ವನಿಚರಿತ್ರೆಯ ಮೂರನೆಯ ಘಟ್ಟವೆಂಬುದು ಈ ಲೇಖನದ ವಾದ.

ತಮಿಳಿನ ‘ಪೋ’, ಮಲಯಾಳದ ‘ಪೋಕುಕ’, ತೆಲುಗಿನ ‘ಪೋವು’, ತುಳುವಿನ ‘ಪೋಪಿನಿ’ ಎಲ್ಲವೂ ಮೂಲದ ಪಕಾರವನ್ನು ಉಳಿಸಿಕೊಂಡಿವೆ. ಪಂಪನ ಕನ್ನಡದಲ್ಲೂ ಅದು ‘ಪೋಗು’. ಸುಮಾರು 10ನೇ ಶತಮಾನದಿಂದ ಶಾಸನಗಳಲ್ಲಿ ಹಕಾರ ತಲೆದೋರಿ, ನಡುಗನ್ನಡದಲ್ಲಿ ನೆಲೆಯೂರಿತು.

ಲ್ಯಾಟಿನ್ನಿನಲ್ಲಿ ‘ಮಾಡು’ ಎಂಬರ್ಥದ ‘ಫಾಕೆರೆ’ಯ ಸಂತತಿಯೂ ಹೀಗೆಯೇ ಕವಲೊಡೆದಿದೆ. ಇಟಾಲಿಯನ್ನಿನ ‘ಫಾರೆ’, ಫ್ರೆಂಚಿನ ‘ಫೇರ್’, ಪೋರ್ಚುಗೀಸಿನ ‘ಫಜೇರ್’ ಫಕಾರವನ್ನು ಬಿಡಲಿಲ್ಲ. ಸ್ಪ್ಯಾನಿಷ್ ಅದನ್ನು ಹಕಾರವಾಗಿಸಿತು. ಮುಂದೆ ಆ ಹಕಾರವೂ ಶಿಷ್ಟ ಉಚ್ಚಾರಣೆಯಿಂದ ಜಾರಿತು. ಇಂದು ಬರೆಯುವಾಗ ಹಕಾರವುಂಟು, ಓದುವಾಗ ‘ಅಸೇರ್’. ಈ ಬದಲಾವಣೆಗೆ ಬಾಸ್ಕ್ ಭಾಷೆಯ ಪ್ರಭಾವ ಕಾರಣವೆಂದು ಸ್ಪ್ಯಾನಿಷ್ ಭಾಷಾವಿದ್ವಾಂಸ ಮೆನೆಂದೆಸ್ ಪಿದಾಲ್ ವಾದಿಸಿದ್ದರು. ಅದು ಇನ್ನೂ ಚರ್ಚೆಯಲ್ಲಿದೆ. ನಮಗೆ ಮುಖ್ಯವಾದುದು ಹೆಜ್ಜೆಗಳ ಕ್ರಮ. ಸ್ಪ್ಯಾನಿಷ್‌ನಲ್ಲಿ ‘ಫೋರ್ಮಾ’ ಮತ್ತು ‘ಓರ್ಮಾ’ ಒಂದೇ ಮೂಲದ ಜೋಡಿ. ನಮ್ಮಲ್ಲಿ ‘ಪರ್ವ’ ಮತ್ತು ‘ಹಬ್ಬ’ ಹಾಗೆಯೇ; ಮಂಡ್ಯದ ಬಾಯಲ್ಲಿ ಅದು ‘ಅಬ್ಬ’.

ಮುತ್ತತ್ತಿಯ ದೇವರೇ ಇಲ್ಲಿ ದೊಡ್ಡ ಸಾಕ್ಷಿ. ನದಿಗೆ ಬಿದ್ದ ಸೀತೆಯ ಮೂಗುತಿಯ ಮುತ್ತನ್ನು ಎತ್ತಿಕೊಟ್ಟನೆಂಬ ಐತಿಹ್ಯದ ಮುತ್ತೆತ್ತಿರಾಯ ಈ ಸೀಮೆಯ ಮಾತಿನಲ್ಲಿ ‘ಅನುಮಂತ’. ಹನುಮಂತನ ಹಕಾರ ಪಕಾರದಿಂದ ಬಂದದ್ದಲ್ಲ; ಸಂಸ್ಕೃತದ್ದೇ. ಅದೂ ಲೋಪವಾಗಿರುವುದರಿಂದ ಹಕಾರಲೋಪವು ಪಕಾರದ ಬದಲಾವಣೆಗೆ ಅಂಟಿಕೊಂಡದ್ದಲ್ಲ, ಆಮೇಲೆ ಬಂದ ಬೇರೆಯದೇ ನಿಯಮ ಎನ್ನಬೇಕಾಗುತ್ತದೆ.

ಕಾವೇರಿಯ ಕೆಳಹರಿವಿನಲ್ಲಿರುವ ಹೊಗೇನಕಲ್ಲು ತಮಿಳಿನಲ್ಲಿ ‘ಒಕೇನಕ್ಕಲ್’ ಆಗಿರುವುದನ್ನು ಇದಕ್ಕೆ ಜೋಡಿಸಲಾಗದು. ತಮಿಳಿನಲ್ಲಿ ಪದಾದಿಯ ಹಕಾರ ಸಹಜವಲ್ಲ, ಆದ್ದರಿಂದ ಎರವಲು ಪಡೆಯುವಾಗಲೇ ಅದು ಬಿದ್ದಿದೆ. ಮಂಡ್ಯದಲ್ಲಿ ನಡೆದದ್ದು ಕನ್ನಡದ ಒಳಗಿನ ಬೆಳವಣಿಗೆ.

‘ಹಕ್ಕಿ’ ‘ಅಕ್ಕಿ’ಯಾಯಿತೆಂದು ಶಾಲೆಯಲ್ಲಿ ನಗೆಗೀಡಾದ ಮಗು, ಮುಂದೆ ಬೇಡದ ಕಡೆಯೂ ಹಕಾರ ಸೇರಿಸತೊಡಗುತ್ತದೆ. ಬರಹದ ರೂಪವನ್ನು ಕಲಿಸಲೇಬೇಕು, ಆಡುರೂಪವನ್ನು ಹಳಿಯದೆ ಕಲಿಸಬೇಕು. ಉಪಭಾಷಾ ಕೋಶಗಳನ್ನು ಸಿದ್ಧಪಡಿಸುವವರು ‘ಓಗು’ವನ್ನು ‘ಹೋಗು’ವಿನ ಅಪಭ್ರಂಶವೆಂದು ಆವರಣದಲ್ಲಿ ಇಡದೆ, ಸ್ವತಂತ್ರ ಮುಖ್ಯ ನಮೂದಾಗಿ ದಾಖಲಿಸಲಿ.