ಒಂದೂವರೆ ಚದರ ಅಂಗುಲದ ಸವಾಲು: ಬಾರ್‌ಕೋಡ್ ಸಾಂದ್ರತೆಯ ಕಥೆ

ಬಿಸ್ಕತ್ತಿನ ಪೊಟ್ಟಣ, ಸೋಪಿನ ಹೊದಿಕೆ, ಪುಸ್ತಕದ ಹಿಂಬದಿ – ಎಲ್ಲೆಡೆ ಕಪ್ಪು ಗೆರೆಗಳ ಸಾಲೊಂದನ್ನು ನೀವು ನೋಡಿದ್ದೀರಿ. ಇದೇ ಬಾರ್‌ಕೋಡ್. ಒಂದು ಸೆಂಟಿಮೀಟರ್ ಅಗಲದಲ್ಲಿ ಎಷ್ಟು ಅಂಕೆಗಳನ್ನು ಹೀಗೆ ಗೆರೆಗಳಾಗಿ ಬರೆಯಬಹುದು? ಈ ಸಂಖ್ಯೆಯೇ ಬಾರ್‌ಕೋಡಿನ ಸಾಂದ್ರತೆ. ಸಾಂದ್ರತೆ ಕಡಿಮೆಯಾದರೆ ಸಂಕೇತ ಸಣ್ಣ ಪೊಟ್ಟಣದಲ್ಲಿ ಹಿಡಿಸದು. ಹೆಚ್ಚಾದರೆ ಮುದ್ರಣಯಂತ್ರ ಅದನ್ನು ಸ್ಪಷ್ಟವಾಗಿ ಅಚ್ಚು ಮಾಡಲಾರದು. ಈ ಎರಡರ ನಡುವಿನ ಜಗ್ಗಾಟವೇ ಬಾರ್‌ಕೋಡಿನ ಇತಿಹಾಸ.

ಮರಳಿನಲ್ಲಿ ಮೂಡಿದ ಗೆರೆ

1948ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಡ್ರೆಕ್ಸೆಲ್ ಸಂಸ್ಥೆಯಲ್ಲಿದ್ದ ಬರ್ನಾರ್ಡ್ ಸಿಲ್ವರ್ ಮತ್ತು ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್, ಅಂಗಡಿಯ ವಸ್ತುಗಳನ್ನು ಯಂತ್ರವೇ ಗುರುತಿಸುವಂತೆ ಮಾಡುವುದು ಹೇಗೆಂದು ಯೋಚಿಸತೊಡಗಿದರು. ಮಯಾಮಿಯ ಕಡಲತೀರದಲ್ಲಿ ಕುಳಿತಿದ್ದ ವುಡ್‌ಲ್ಯಾಂಡ್, ಮೋರ್ಸ್ ಸಂಕೇತದ ಚುಕ್ಕಿ ಮತ್ತು ಅಡ್ಡಗೆರೆಗಳನ್ನು ಮರಳಿನ ಮೇಲೆ ಬೆರಳಿನಿಂದ ಕೆಳಕ್ಕೆ ಎಳೆದರು. ತೆಳು ಗೆರೆ, ದಪ್ಪ ಗೆರೆ ಮೂಡಿದವು! ಯಾವ ದಿಕ್ಕಿನಿಂದಲೂ ಓದಲು ಬರಲೆಂದು ಅವರು ಗೆರೆಗಳನ್ನು ವೃತ್ತಗಳಾಗಿಯೂ ಬಾಗಿಸಿದರು. 1952ರಲ್ಲಿ ಇದಕ್ಕೆ ಪೇಟೆಂಟ್ ದೊರೆಯಿತು. ಆದರೆ ಲೇಸರ್ ಬಂದದ್ದು 1960ರಲ್ಲಿ. ಅಂಗಡಿಗೆ ಎಟುಕುವ ಬೆಲೆಯ ಕಂಪ್ಯೂಟರಿಗಾಗಿ ಇನ್ನೂ ಕಾಯಬೇಕಾಯಿತು.

ಅಳತೆಯ ಕಟ್ಟಳೆ

1970ರ ದಶಕದ ಆರಂಭದಲ್ಲಿ ಅಮೆರಿಕದ ದಿನಸಿ ಉದ್ಯಮ ತನ್ನ ಬೇಡಿಕೆಗಳನ್ನು ಮುಂದಿಟ್ಟಿತು. ಸಂಕೇತ ಒಂದೂವರೆ ಚದರ ಅಂಗುಲವನ್ನು ಮೀರಬಾರದು. ಪತ್ತೆಯಾಗದ ತಪ್ಪು 20,000 ಓದಿಗೆ ಒಂದಕ್ಕಿಂತ ಕಡಿಮೆ ಇರಬೇಕು. ಆರ್‌ಸಿಎ ಕಂಪನಿ 1972ರಲ್ಲಿ ಸಿನ್ಸಿನಾಟಿಯ ಅಂಗಡಿಯೊಂದರಲ್ಲಿ ವೃತ್ತಾಕಾರದ ಸಂಕೇತವನ್ನು ಪ್ರಯೋಗಿಸಿತು. ತೊಂದರೆ ಎದುರಾದದ್ದು ಮುದ್ರಣದಲ್ಲಿ. ಕಾಗದ ಓಡುವ ದಿಕ್ಕಿಗೆ ಶಾಯಿ ಎಳೆದುಕೊಂಡಾಗ ವೃತ್ತದ ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು.

ಐಬಿಎಂನ ಎಂಜಿನಿಯರ್ ಜಾರ್ಜ್ ಲಾರರ್ ನೇರ ಗೆರೆಗಳನ್ನು ಆರಿಸಿಕೊಂಡರು. ಕಾಗದ ಓಡುವ ದಿಕ್ಕಿಗೆ ಸಮಾಂತರವಾಗಿ ಅಚ್ಚಾದ ಗೆರೆಯಲ್ಲಿ ಶಾಯಿ ಎಳೆದುಕೊಂಡರೆ ಗೆರೆ ತುಸು ಉದ್ದವಾಗುತ್ತದೆ, ಅಷ್ಟೆ. 1973ರ ಏಪ್ರಿಲ್ 3ರಂದು ಈ ವಿನ್ಯಾಸವೇ ಆಯ್ಕೆಯಾಯಿತು. ಅದೇ ಯುಪಿಸಿ ಸಂಕೇತ.

ಲೆಕ್ಕ ಹಾಕೋಣ

ಯುಪಿಸಿಯ ಅತಿ ತೆಳುವಾದ ಗೆರೆಯ ಅಗಲಕ್ಕೆ ಒಂದು 'ಮಾಡ್ಯೂಲ್' ಎನ್ನುತ್ತಾರೆ. ಇದರ ಪ್ರಮಾಣಿತ ಅಳತೆ 0.33 ಮಿಮೀ. ಪ್ರತಿ ಅಂಕೆಗೆ 7 ಮಾಡ್ಯೂಲ್. ಅದರೊಳಗೆ ಎರಡು ಕಪ್ಪು ಪಟ್ಟಿ, ಎರಡು ಬಿಳಿ ಪಟ್ಟಿ. ಹಾಗಾದರೆ 12 ಅಂಕೆಗಳಿಗೆ 84 ಮಾಡ್ಯೂಲ್. ಎರಡು ಅಂಚು ಹಾಗೂ ನಡುವಿನ ಕಾವಲು ಗೆರೆಗಳಿಗೆ 3+5+3 = 11. ಒಟ್ಟು 95.

95 × 0.33 = 31.35 ಮಿಮೀ. ಸಾಂದ್ರತೆ = 12 ÷ 3.135, ಅಂದರೆ ಸೆಂಟಿಮೀಟರಿಗೆ ಸುಮಾರು 3.8 ಅಂಕೆ. ಎರಡೂ ಬದಿಗೆ ಬಿಡಬೇಕಾದ 9 ಮಾಡ್ಯೂಲ್ ಖಾಲಿ ಜಾಗ ಸೇರಿದರೆ ಅಗಲ 37.29 ಮಿಮೀ. ಅಂಕೆಗಳ ಸಾಲೂ ಸೇರಿ ಎತ್ತರ 25.91 ಮಿಮೀ. ಇವೆರಡನ್ನೂ ಗುಣಿಸಿದರೆ ಸುಮಾರು 966 ಚದರ ಮಿಮೀ. ಒಂದೂವರೆ ಚದರ ಅಂಗುಲವೆಂದರೆ 968 ಚದರ ಮಿಮೀ. ಕಟ್ಟಳೆಯೊಳಗೆ ಸಂಕೇತ ಕೂದಲೆಳೆಯಷ್ಟೇ ಜಾಗ ಉಳಿಸಿ ಕುಳಿತಿದೆ!

7 ಮಾಡ್ಯೂಲ್‌ಗಳೇ ಏಕೆ ಎಂದು ನೀವು ಕೇಳಬಹುದು. 6 ಮಾಡ್ಯೂಲ್‌ಗಳನ್ನು ನಾಲ್ಕು ಪಟ್ಟಿಗಳಾಗಿ ಹಂಚಲು 10 ವಿಧಗಳಿವೆ. ಹತ್ತು ಅಂಕೆಗಳಿಗೆ ಅಷ್ಟು ಸಾಕು. 7 ಆದರೆ 20 ವಿಧ. ಒಂದು ಮಾಡ್ಯೂಲ್ ಹೆಚ್ಚು ತೆತ್ತು ಪಡೆದ ಈ ಎರಡನೆಯ ಹತ್ತರಿಂದ, ಸಂಕೇತವನ್ನು ಎಡದಿಂದ ಓದಲಾಗಿದೆಯೋ ಬಲದಿಂದಲೋ ಎಂಬುದು ಯಂತ್ರಕ್ಕೆ ತಿಳಿಯುತ್ತದೆ.

ಶಾಯಿ ಹರಡಿದರೂ ಓದುವ ಉಪಾಯ

ಇಷ್ಟು ತೆಳುವಾದ ಗೆರೆಯ ಅಂಚಿನಲ್ಲಿ ಶಾಯಿ ಕೊಂಚ ಹರಡಿದರೂ ಅಗಲ ಬದಲಾಗುತ್ತದೆ. 2 ಮಾಡ್ಯೂಲ್ ಕಪ್ಪು ಪಟ್ಟಿ 2.4 ಆಯಿತೆನ್ನಿ. ಆಗ ಪಕ್ಕದ 2 ಮಾಡ್ಯೂಲ್ ಬಿಳಿ ಪಟ್ಟಿ 1.6ಕ್ಕೆ ಕುಗ್ಗುತ್ತದೆ. ಆದರೆ ಮೊತ್ತ? 4ಕ್ಕೆ 4! ಒಂದು ಕಪ್ಪು ಪಟ್ಟಿಯ ಎಡ ಅಂಚಿನಿಂದ ಮುಂದಿನ ಕಪ್ಪು ಪಟ್ಟಿಯ ಎಡ ಅಂಚಿಗಿರುವ ದೂರ ಬದಲಾಗುವುದೇ ಇಲ್ಲ. ಯುಪಿಸಿಯನ್ನು ಓದುವುದು ಈ ದೂರಗಳಿಂದಲೇ. ಆದರೆ 1 ಮತ್ತು 7ಕ್ಕೆ ಈ ದೂರಗಳು ಒಂದೇ. 2 ಮತ್ತು 8ಕ್ಕೂ ಹಾಗೆಯೇ. ಆಗ ಮಾತ್ರ ಕಪ್ಪು ಪಟ್ಟಿಗಳ ಒಟ್ಟು ಅಗಲ ನೋಡಬೇಕು. ಉದಾಹರಣೆಗೆ, ಎಡಭಾಗದ 1ರಲ್ಲಿ ಅದು 3 ಮಾಡ್ಯೂಲ್, 7ರಲ್ಲಿ 5. ಈ ಅಂತರವನ್ನು ಹರಡಿದ ಶಾಯಿ ಮರೆಮಾಚಲಾರದು. ಒಟ್ಟಿನಲ್ಲಿ, ಸಾಂದ್ರತೆಯನ್ನು ಹೆಚ್ಚಿಸಲು ನೆರವಾದದ್ದು ಉತ್ತಮ ಮುದ್ರಣಯಂತ್ರವಲ್ಲ, ಉತ್ತಮ ಅಳತೆಯ ಕ್ರಮ.

1974ರ ಜೂನ್ 26ರಂದು ಒಹಾಯೋ ರಾಜ್ಯದ ಟ್ರಾಯ್ ಪಟ್ಟಣದ ಮಾರ್ಷ್ ಅಂಗಡಿಯಲ್ಲಿ ಮೊದಲ ಬಾರಿಗೆ ಯುಪಿಸಿ ಓದಿ ಮಾರಾಟವಾದದ್ದು ಚೂಯಿಂಗ್ ಗಮ್ ಪೊಟ್ಟಣ. ಅಷ್ಟು ಸಣ್ಣ ವಸ್ತುವಿನ ಮೇಲೂ ಸಂಕೇತ ಹಿಡಿಸಿತ್ತು.

ಮುಂದೆ ಯುರೋಪಿನಲ್ಲಿ ರೂಪುಗೊಂಡ ಇಎಎನ್ ಸಂಕೇತಕ್ಕೆ 13 ಅಂಕೆಗಳು ಬೇಕಾದವು. ಅಗಲ ಮಾತ್ರ ಅದೇ 95 ಮಾಡ್ಯೂಲ್! ಎಡಭಾಗದ ಆರು ಅಂಕೆಗಳಲ್ಲಿ ಯಾವುದಕ್ಕೆ ಮೊದಲ ಹತ್ತರ ರೂಪ, ಯಾವುದಕ್ಕೆ ಎರಡನೆಯ ಹತ್ತರ ರೂಪ ಎಂಬ ಕ್ರಮದಲ್ಲೇ 13ನೆಯ ಅಂಕೆ ಅಡಗಿದೆ. ಸಾಂದ್ರತೆ 4.1ಕ್ಕೆ ಏರಿತು. ಭಾರತದಲ್ಲಿ ನೋಂದಾಯಿಸಿದ ಕಂಪನಿಗಳ ಸಂಖ್ಯೆಗಳು 890ರಿಂದ ಆರಂಭವಾಗುತ್ತವೆ. ಅದರ 8ಕ್ಕೆ ತನ್ನದೇ ಆದ ಗೆರೆಯೇ ಇಲ್ಲ.

1994ರಲ್ಲಿ ಜಪಾನಿನ ಡೆನ್ಸೊ ಸಂಸ್ಥೆಯಲ್ಲಿ ಹುಟ್ಟಿದ ಕ್ಯೂಆರ್ ಸಂಕೇತ ಎತ್ತರವನ್ನೂ ಬಳಸಿಕೊಂಡಿತು. 21 × 21 ಚೌಕಗಳ ಅದರ ಅತಿ ಚಿಕ್ಕ ರೂಪದಲ್ಲೇ 41 ಅಂಕೆಗಳವರೆಗೆ ಹಿಡಿಸುತ್ತವೆ.

ನೀವೇ ಅಳೆಯಿರಿ

890ರಿಂದ ಆರಂಭವಾಗುವ 13 ಅಂಕೆಗಳ ಬಾರ್‌ಕೋಡೊಂದನ್ನು ತೆಗೆದುಕೊಳ್ಳಿ. ಮೊದಲ ಗೆರೆಯ ಹೊರ ಅಂಚಿನಿಂದ ಕೊನೆಯ ಗೆರೆಯ ಹೊರ ಅಂಚಿನವರೆಗೆ ಸ್ಕೇಲಿನಿಂದ ಅಳೆದು 95ರಿಂದ ಭಾಗಿಸಿ. ಬಂದ ಉತ್ತರವೇ ಮಾಡ್ಯೂಲಿನ ಅಗಲ. 25 ಮಿಮೀ ಇದ್ದರೆ 0.26 ಮಿಮೀ, ಅಂದರೆ ಪ್ರಮಾಣಿತ ಅಳತೆಯ ಸುಮಾರು ಶೇ. 80. ನಿಮ್ಮ ಅಳತೆಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಉತ್ತರದಲ್ಲಿ ಅದು 0.005 ಮಿಮೀ ಮಾತ್ರ. ಶಾಲೆಯ ಸ್ಕೇಲಿನಿಂದ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ತೆಳುವಾದ ಗೆರೆಯನ್ನು ಅಳೆಯಬಹುದೆಂದು ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಅಗ್ಗದ ಪ್ರಯೋಗ ಇನ್ನೇನಿದೆ?