ಜೋಳದ ಅರಳು: ಉಳಿದ ಹೆಸರು, ಅಳಿದ ಹೆಸರು

ಪಾಪ್‌ಕಾರ್ನ್ ಎಂದ ಕೂಡಲೇ ನಮಗೆ ನೆನಪಾಗುವುದು ಸಿನಿಮಾ ಮಂದಿರ, ಜಾತ್ರೆಯ ಗಾಜಿನ ಗಾಡಿ, ಬಣ್ಣದ ಕಾಗದದ ಪೊಟ್ಟಣ. ಅಮೆರಿಕದಿಂದ ಇತ್ತೀಚೆಗೆ ಬಂದ ಶೋಕಿಯ ತಿನಿಸೆಂದು ಅದನ್ನು ಲಘುವಾಗಿ ಕಾಣುವವರೇ ಹೆಚ್ಚು. ಅಮೆರಿಕದಿಂದ ಬಂದದ್ದು ನಿಜ. ಆದರೆ ಯಾವ ಅಮೆರಿಕ, ಯಾರ ಅಮೆರಿಕ ಎಂದು ಕೇಳಿಕೊಂಡರೆ, ಒಲೆಯ ಮೇಲೆ ಚಟಪಟ ಸಿಡಿಯುವ ಈ ಕಾಳಿನ ಹಿಂದೆ ಸಾವಿರಾರು ವರ್ಷಗಳ ಚರಿತ್ರೆ ತೆರೆದುಕೊಳ್ಳುತ್ತದೆ. ಆ ಚರಿತ್ರೆಯಲ್ಲಿ ಯಂತ್ರ ಮಾಡಿದವರ ಹೆಸರಿದೆ, ಪೊಟ್ಟಣ ಮಾರಿದವರ ಹೆಸರಿದೆ. ಕಾಳನ್ನು ರೂಪಿಸಿದವರ ಹೆಸರಾಗಲಿ, ಬೆಂಕಿಯ ಮುಂದೆ ನಿಂತು ಅರಳಿಸಿದವರ ಹೆಸರಾಗಲಿ ಇಲ್ಲ.

ಮೆಕ್ಕೆಜೋಳದ ತವರು ದಕ್ಷಿಣ ಮೆಕ್ಸಿಕೋದ ಬಾಲ್ಸಾಸ್ ನದಿಯ ಕಣಿವೆ. ಸುಮಾರು 9,000 ವರ್ಷಗಳ ಹಿಂದೆ ಅಲ್ಲಿನ ಜನ ಟಿಯೊಸಿಂಟೆ ಎಂಬ ಕಾಡುಹುಲ್ಲನ್ನು ಪಳಗಿಸತೊಡಗಿದರು. ಆ ಹುಲ್ಲಿನ ತೆನೆಯಲ್ಲಿ ಹತ್ತು ಹನ್ನೆರಡಕ್ಕಿಂತ ಹೆಚ್ಚು ಕಾಳಿರುವುದಿಲ್ಲ. ಇರುವ ಕಾಳೂ ಗಟ್ಟಿ ಚಿಪ್ಪಿನೊಳಗೆ ಅಡಗಿರುತ್ತದೆ. ಅಂಥ ಹುಲ್ಲಿನಿಂದ ಒಳ್ಳೆಯ ತೆನೆಯನ್ನು ಆರಿಸಿ, ಬೀಜಕ್ಕೆಂದು ಎತ್ತಿಟ್ಟು, ಮುಂದಿನ ಮಳೆಗೆ ಬಿತ್ತಿ, ಮತ್ತೆ ಆರಿಸಿ, ಹೀಗೆ ನೂರಾರು ತಲೆಮಾರುಗಳು ದುಡಿದುದರ ಫಲವೇ ಇಂದಿನ ಜೋಳದ ತೆನೆ. ಇದಕ್ಕಿಂತ ದೊಡ್ಡ ಕೃಷಿ ಸಂಶೋಧನೆ ಜಗತ್ತಿನಲ್ಲಿ ಹೆಚ್ಚು ನಡೆದಿಲ್ಲ.

ಅರಳಿಸುವ ವಿದ್ಯೆಯೂ ಅಷ್ಟೇ ಹಳೆಯದು. ಪೆರು ದೇಶದ ಉತ್ತರ ಕರಾವಳಿಯಲ್ಲಿ ಪರೆದೋನೆಸ್ ಮತ್ತು ವಾಕಾ ಪ್ರಿಯೆತಾ ಎಂಬ ಎರಡು ಪ್ರಾಚೀನ ದಿಬ್ಬಗಳಿವೆ. ಅಲ್ಲಿ ಅಗೆದಾಗ ಸಿಕ್ಕ ಜೋಳದ ದಿಂಡು, ಸಿಪ್ಪೆಗಳಲ್ಲಿ ಅತಿ ಹಳೆಯವು ಸುಮಾರು 6,700 ವರ್ಷಗಳಷ್ಟು ಹಿಂದಿನವೆಂದು 2012ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಅಲ್ಲಿನ ಜನ ಜೋಳವನ್ನು ತಿನ್ನುತ್ತಿದ್ದ ಬಗೆಗಳಲ್ಲಿ ಅರಳು ಕೂಡ ಒಂದು. ಗಮನಿಸಬೇಕಾದ ಸಂಗತಿಯೆಂದರೆ ಆ ಸೀಮೆಯಲ್ಲಿ ಆಗಿನ್ನೂ ಮಡಕೆ ಬಂದಿರಲಿಲ್ಲ. ಮಡಕೆಗೂ ಮೊದಲೇ ಅರಳು ಇತ್ತು.

ಇದು ಹೇಗೆ ಸಾಧ್ಯವೆಂಬುದಕ್ಕೆ ಕಾಳಿನ ರಚನೆಯಲ್ಲೇ ಉತ್ತರವಿದೆ. ಅರಳುವ ಜೋಳದ ಕಾಳು ಚಿಕ್ಕದು, ಬಲು ಗಟ್ಟಿ. ಅದರ ಸಿಪ್ಪೆಯಿಂದ ಗಾಳಿ, ತೇವ ಹೊರಹೋಗುವುದಿಲ್ಲ. ಒಳಗೆ ಶೇಕಡಾ 14ರಷ್ಟು ತೇವಾಂಶವಿರುತ್ತದೆ. ಕಾಳು ಕಾದಂತೆ ಆ ನೀರು ಆವಿಯಾಗಲು ಹವಣಿಸುತ್ತದೆ, ದಾರಿಯಿಲ್ಲ. ಒಳಗಿನ ಪಿಷ್ಟ ಮೆತ್ತಗಾಗುತ್ತದೆ, ಒತ್ತಡ ಏರುತ್ತದೆ. ಶಾಖ ಸುಮಾರು 180 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಸಿಪ್ಪೆ ತಡೆಯಲಾರದೆ ಒಡೆಯುತ್ತದೆ. ಪಿಷ್ಟವು ನೊರೆಯಂತೆ ಉಬ್ಬಿ, ಗಾಳಿ ತಾಗಿ ಗಟ್ಟಿಯಾಗುತ್ತದೆ. ನಾವು ಕೇಳುವ ಸಿಡಿತದ ಸದ್ದು ಕೂಡ ಸಿಪ್ಪೆ ಒಡೆದುದರಿಂದಲ್ಲ, ಒಮ್ಮೆಗೇ ಹೊರಬೀಳುವ ಆವಿಯಿಂದ ಎಂದು 2015ರಲ್ಲಿ ಇಬ್ಬರು ಫ್ರೆಂಚ್ ವಿಜ್ಞಾನಿಗಳು ತೋರಿಸಿಕೊಟ್ಟರು. ಕಾಳಿಗೆ ಕಾಳೇ ಪಾತ್ರೆ, ಅದೇ ಮುಚ್ಚಳ. ಕೆಂಡದ ಪಕ್ಕದಲ್ಲಿಟ್ಟರೂ ಅರಳುತ್ತದೆ.

ಸ್ಪೇನಿನವರು ಮೆಕ್ಸಿಕೋವನ್ನು ಗೆದ್ದ ಮೇಲೆ ಅಲ್ಲಿನ ಜನಜೀವನವನ್ನು ಬರೆದಿಟ್ಟವರಲ್ಲಿ ಬರ್ನಾರ್ದಿನೊ ದೆ ಸಹಗುನ್ ಎಂಬ ಪಾದ್ರಿ ಮುಖ್ಯನಾದವನು. ಹಬ್ಬಗಳಲ್ಲಿ ಹೆಣ್ಣುಮಕ್ಕಳು ಅರಳಿದ ಜೋಳದ ಮಾಲೆ ಧರಿಸಿ ಕುಣಿಯುತ್ತಿದ್ದರೆಂದು ಅವನ ಬರಹದಿಂದ ತಿಳಿಯುತ್ತದೆ. ಅಲ್ಲಿನವರಿಗೆ ಅದು ಹೂವಾಗಿ ಕಂಡಿತ್ತು. ನಮಗೂ ಹಾಗೆಯೇ ಕಂಡಿದೆ. ಕನ್ನಡದಲ್ಲಿ ಅರಳು ಎಂದರೆ ತಿನ್ನುವ ವಸ್ತುವೂ ಹೌದು, ಹೂವು ಬಿರಿಯುವ ಕ್ರಿಯೆಯೂ ಹೌದು. ಉರ್ದುವಿನ ‘ಫುಲ್ಲೆ’ ಎಂಬ ಮಾತಿನಲ್ಲೂ ಉಬ್ಬುವುದು, ಅರಳುವುದು ಎರಡೂ ಇವೆ. ಇಂಗ್ಲಿಷಿನವರು ಮಾತ್ರ ಕಣ್ಣಿಗಿಂತ ಕಿವಿಯನ್ನು ನಂಬಿ, ಸದ್ದಿನ ಮೇಲೆ ಹೆಸರಿಟ್ಟರು.

ಹೆಸರಿನ ಮಾತು ಬಂದುದರಿಂದ ಇನ್ನೊಂದು ಸಂಗತಿಯನ್ನು ಹೇಳಬೇಕು. 1492ರ ನಂತರ ಈ ಧಾನ್ಯ ಸಮುದ್ರ ದಾಟಿ ಹೊರಟಿತು. ಹೋದಲ್ಲೆಲ್ಲ ಜನ ಅದನ್ನು ಬೇರೆ ಯಾರದೋ ನಾಡಿನದೆಂದು ಭಾವಿಸಿದರು. ಇಟಲಿಯವರು ‘ತುರ್ಕಿಯ ಧಾನ್ಯ’ ಎಂದರು. ತುರ್ಕರು ಅದಕ್ಕೆ ‘ಮಿಸಿರ್’ ಎಂದರು. ಅದು ಈಜಿಪ್ಟ್ ದೇಶಕ್ಕೆ ಅವರಿಟ್ಟ ಹೆಸರು. ಈಜಿಪ್ಟಿನವರೋ ಅದನ್ನು ‘ಶಾಮಿನ ಜೋಳ’, ಅಂದರೆ ಸಿರಿಯಾದ ಜೋಳ ಎಂದು ಕರೆದರು. ನಮ್ಮ ದೇಶದಲ್ಲಿ ಮಕ್ಕಾ, ಮಕಯಿ, ಮೆಕ್ಕೆ ಎಂಬ ಹೆಸರುಗಳು ನಿಂತವು. ಇವು ಪವಿತ್ರ ಮಕ್ಕಾ ನಗರದಿಂದ ಬಂದವೆಂದು ಅರ್ಥ ಹೇಳುವವರಿದ್ದಾರೆ. ಈ ಊಹೆ ನಿಜವಿರಲಿ ಇಲ್ಲದಿರಲಿ, ಮಕ್ಕಾದ ಕಲ್ಲುಗುಡ್ಡಗಳ ನಡುವೆ ಈ ಬೆಳೆ ಹುಟ್ಟಲಿಲ್ಲ ಎಂಬುದಂತೂ ಸ್ಪಷ್ಟ. ಹೊರಗಿನಿಂದ ಬಂದದ್ದನ್ನು ಪರಿಚಿತ ಪರದೇಶಿಯ ಲೆಕ್ಕಕ್ಕೆ ಬರೆಯುವುದು ಮನುಷ್ಯನ ಹಳೆಯ ಅಭ್ಯಾಸ. ಈ ಪಟ್ಟಿಯಲ್ಲೆಲ್ಲೂ ಅದನ್ನು ಬೆಳೆಸಿದ ಮೆಕ್ಸಿಕೋದ ಜನರ ಸುಳಿವಿಲ್ಲ.

ನಮ್ಮ ಕರ್ನಾಟಕವೂ ಈ ವಾದದಲ್ಲಿ ಸಿಕ್ಕಿಹಾಕಿಕೊಂಡದ್ದುಂಟು. ಸೋಮನಾಥಪುರದ 13ನೇ ಶತಮಾನದ ಹೊಯ್ಸಳ ದೇವಾಲಯದ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆಯೆಂದು 1989ರಲ್ಲಿ ಅಮೆರಿಕದ ಇಬ್ಬರು ವಿದ್ವಾಂಸರು ವಾದಿಸಿದರು. ಅದು ನಿಜವಾದರೆ ಕೊಲಂಬಸನಿಗಿಂತ ಮೊದಲೇ ಈ ಬೆಳೆ ಇಲ್ಲಿತ್ತೆಂದಾಗುತ್ತಿತ್ತು. ಅದು ತೆನೆಯಲ್ಲ, ಮುತ್ತುಗಳಿಂದ ಕೂಡಿದ ‘ಮುಕ್ತಾಫಲ’ ಎಂಬ ಕಾಲ್ಪನಿಕ ಹಣ್ಣು ಎಂದು 1993ರಲ್ಲಿ ಭಾರತದ ಸಸ್ಯವಿಜ್ಞಾನಿಗಳಾದ ಪಾಯಕ್ ಮತ್ತು ಸಚಾನ್ ಉತ್ತರ ಕೊಟ್ಟರು. ನಮ್ಮ ಶಿಲ್ಪಿಯ ಕಲ್ಪನೆಯನ್ನು ಕೊಂಡಾಡಲು ಮೆಕ್ಸಿಕೋ ರೈತರ ಬೆಳೆಯನ್ನು ಅವನ ಕೈಗೆ ಕೊಡಬೇಕಾದ ಅಗತ್ಯವಿಲ್ಲ.

ಅರಳಿಸುವ ವಿದ್ಯೆಯನ್ನು ಕಲಿಯಲು ನಮ್ಮವರು ಮೆಕ್ಕೆಜೋಳಕ್ಕಾಗಿ ಕಾಯಬೇಕಿರಲಿಲ್ಲ. ಭತ್ತದ ಅರಳು ಇತ್ತು, ಉತ್ತರ ಕರ್ನಾಟಕದಲ್ಲಿ ಪಂಚಮಿ ಹಬ್ಬಕ್ಕೆ ಬಿಳಿಜೋಳದ ಅರಳು ಇತ್ತು, ಕಾದ ಮರಳಿನಲ್ಲಿ ಹುರಿಯುವ ಮಂಡಕ್ಕಿ ಇತ್ತು. ಇಂದು ದಾವಣಗೆರೆ, ಹಾವೇರಿ ಸೀಮೆಯಲ್ಲಿ ಎಕರೆಗಟ್ಟಲೆ ಬೆಳೆಯುವ ಮೆಕ್ಕೆಜೋಳ ಬಹುಪಾಲು ಕೋಳಿ ಆಹಾರಕ್ಕೂ ಕಾರ್ಖಾನೆಗೂ ಹೋಗುತ್ತದೆ. ಆ ದಪ್ಪ ಕಾಳನ್ನು ಬಾಣಲೆಗೆ ಹಾಕಿದರೆ ಬಿರಿದೀತೇ ಹೊರತು ಹೂವಾಗದು. ಅರಳುವ ತಳಿಯೇ ಬೇರೆ.

ಈಗ ಉತ್ತರ ಅಮೆರಿಕಕ್ಕೆ ಬರೋಣ. 1621ರಲ್ಲಿ ಇಂಗ್ಲಿಷ್ ವಲಸೆಗಾರರ ಮೊದಲ ಸುಗ್ಗಿಯೂಟಕ್ಕೆ ಮೂಲನಿವಾಸಿಗಳು ಚೀಲದ ತುಂಬ ಪಾಪ್‌ಕಾರ್ನ್ ತಂದುಕೊಟ್ಟರೆಂಬ ಕಥೆ ಅಲ್ಲಿ ಬಹಳ ಕಾಲ ಪ್ರಚಾರದಲ್ಲಿತ್ತು. ಅದಕ್ಕೆ ಆಧಾರವಿಲ್ಲ. ಅದು 19ನೇ ಶತಮಾನದವರ ಕಲ್ಪನೆ. ನೆಲ ಕಳೆದುಕೊಂಡವರನ್ನು ನಗುನಗುತ್ತಾ ತಿಂಡಿ ತಂದುಕೊಟ್ಟವರನ್ನಾಗಿ ಚಿತ್ರಿಸುವ ಇಂಥ ಕಥೆಗಳು ಯಾರ ಮನಸ್ಸಿಗೆ ಸಮಾಧಾನ ಕೊಡುತ್ತವೆಂದು ಬಿಡಿಸಿ ಹೇಳಬೇಕಿಲ್ಲ.

19ನೇ ಶತಮಾನದ ನಡುವಿನ ಹೊತ್ತಿಗೆ ಪಾಪ್‌ಕಾರ್ನ್ ಅಲ್ಲಿನ ಮನೆಮನೆಯ ತಿನಿಸಾಗಿತ್ತು. 1848ರಲ್ಲಿ ಪ್ರಕಟವಾದ ಅಮೆರಿಕನ್ ಇಂಗ್ಲಿಷ್ ನಿಘಂಟಿನಲ್ಲಿ ಆ ಪದ ಸೇರಿತು. ಉದ್ದನೆಯ ಹಿಡಿಯ ತಂತಿಬಲೆಯ ಡಬ್ಬಿಯಲ್ಲಿ ಕಾಳು ತುಂಬಿ ಬೆಂಕಿಯ ಮೇಲೆ ಅಲ್ಲಾಡಿಸುವುದು ಆಗಿನ ಕ್ರಮ. ಕರಗಿದ ಬೆಣ್ಣೆ, ಉಪ್ಪು ಕೊನೆಗೆ. ಷಿಕಾಗೋದ ಚಾರ್ಲ್ಸ್ ಕ್ರೆಟರ್ಸ್ ಎಂಬಾತ ಆವಿಯಿಂದ ಓಡುವ ಯಂತ್ರ ನಿರ್ಮಿಸಿ, 1893ರ ಷಿಕಾಗೋ ವಿಶ್ವ ಮೇಳದಲ್ಲಿ ಅದನ್ನು ಪ್ರದರ್ಶಿಸಿದ. ಅದರಲ್ಲಿ ಕಾಳು ನೇರವಾಗಿ ಜಿಡ್ಡಿನಲ್ಲೇ ಅರಳುತ್ತಿತ್ತು. ಆ ಜಿಡ್ಡು ಹಂದಿಯ ಕೊಬ್ಬು ಮತ್ತು ಕಾಸಿ ಸೋಸಿದ ಬೆಣ್ಣೆಯ ಮಿಶ್ರಣ. ಕಾಸಿ ಸೋಸಿದ ಬೆಣ್ಣೆಯೆಂದರೆ ಬಹುಮಟ್ಟಿಗೆ ನಮ್ಮ ತುಪ್ಪವೇ.

1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಐದು ಹತ್ತು ಸೆಂಟಿಗೆ ಸಿಗುತ್ತಿದ್ದ ಈ ಪೊಟ್ಟಣ ಬಡವರ ಕೈಗೆಟುಕುವ ಸುಖವಾಗಿತ್ತು. ಸಿನಿಮಾ ಮಂದಿರಗಳು ಅದನ್ನು ಒಳಗೆ ಬಿಟ್ಟುಕೊಂಡದ್ದೂ ಆಗಲೇ. ಎರಡನೇ ಮಹಾಯುದ್ಧದಲ್ಲಿ ಸಕ್ಕರೆಗೆ ಪಡಿತರ ಬಂದಾಗ ಮಿಠಾಯಿಯ ಜಾಗವನ್ನು ಇದೇ ತುಂಬಿತು. 1959ರಲ್ಲಿ ಜಿಫಿ ಪಾಪ್ ಎಂಬ ಹೆಸರಿನಲ್ಲಿ, ಒಲೆಯ ಮೇಲೆ ಹಾಗೆಯೇ ಇಡಬಹುದಾದ ಅಲ್ಯೂಮಿನಿಯಂ ತಟ್ಟೆ ಮಾರುಕಟ್ಟೆಗೆ ಬಂತು. 1970ರಲ್ಲಿ ಆರ್ವಿಲ್ ರೆಡೆನ್‌ಬ್ಯಾಕರ್ ಎಂಬ ಕೃಷಿತಜ್ಞ, ಹೆಚ್ಚು ಉಬ್ಬುವ ಸಂಕರ ತಳಿಯನ್ನು ತನ್ನದೇ ಹೆಸರಿನಲ್ಲಿ ಮಾರತೊಡಗಿದ. ಡಬ್ಬಿಯ ಮೇಲೆ ಅವನ ಭಾವಚಿತ್ರವೂ ಬಂತು. ಅವನ ಶ್ರಮವನ್ನು ಅಲ್ಲಗಳೆಯಲಾಗದು. ಆದರೆ ಸಾವಿರಾರು ವರ್ಷ ಬೀಜ ಎತ್ತಿಟ್ಟವರ ಚಿತ್ರ ಯಾವ ಡಬ್ಬಿಯ ಮೇಲೂ ಇಲ್ಲ.

1980ರ ದಶಕದಲ್ಲಿ ಮೈಕ್ರೋವೇವ್ ಪೊಟ್ಟಣ ಮನೆಗಳನ್ನು ಹೊಕ್ಕಿತು. ಬೆಣ್ಣೆಯ ಜಾಗಕ್ಕೆ ಬೆಣ್ಣೆಯ ವಾಸನೆ ಬಂತು. ಆ ವಾಸನೆಗೆ ಬಳಸುತ್ತಿದ್ದ ಮುಖ್ಯ ರಾಸಾಯನಿಕ ಡೈಅಸಿಟೈಲ್. ಅದು ನಿಜವಾದ ಬೆಣ್ಣೆಯಲ್ಲಿಯೂ ಅತ್ಯಲ್ಪ ಪ್ರಮಾಣದಲ್ಲಿರುತ್ತದೆ. ಕಾರ್ಖಾನೆಯಲ್ಲಿ ಅದನ್ನು ದೊಡ್ಡ ತೊಟ್ಟಿಗಳಲ್ಲಿ ಬಿಸಿ ಎಣ್ಣೆಯೊಂದಿಗೆ ಬೆರೆಸುವಾಗ ಏಳುವ ಆವಿಯ ಕಥೆಯೇ ಬೇರೆ. 2000ದಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಜಾಸ್ಪರ್ ಎಂಬ ಸಣ್ಣ ಊರಿನ ಪಾಪ್‌ಕಾರ್ನ್ ಕಾರ್ಖಾನೆಯಲ್ಲಿ ದುಡಿದಿದ್ದ ಎಂಟು ಮಂದಿಗೆ ಶ್ವಾಸಕೋಶದ ಸೂಕ್ಷ್ಮ ನಾಳಗಳು ಶಾಶ್ವತವಾಗಿ ಕಟ್ಟಿಕೊಳ್ಳುವ ಅಪರೂಪದ ಕಾಯಿಲೆ ಇರುವುದು ಬೆಳಕಿಗೆ ಬಂತು. ಅವರಲ್ಲಿ ನಾಲ್ವರು ಶ್ವಾಸಕೋಶದ ಕಸಿಗಾಗಿ ಕಾಯುವವರ ಪಟ್ಟಿ ಸೇರಿದರು. ಸರ್ಕಾರಿ ತಜ್ಞರು ನಡೆಸಿದ ತನಿಖೆಯ ವಿವರ 2002ರಲ್ಲಿ ಪ್ರಕಟವಾಯಿತು. 2007ರಲ್ಲಿ ದೊಡ್ಡ ತಯಾರಕರು ಡೈಅಸಿಟೈಲ್ ಬಳಕೆ ಬಿಡುವುದಾಗಿ ಘೋಷಿಸಿದರು. ಕಾಯಿಲೆಗೆ ‘ಪಾಪ್‌ಕಾರ್ನ್ ಲಂಗ್’ ಎಂಬ ಹೆಸರು ಉಳಿಯಿತು. ಉಸಿರು ಕಳೆದುಕೊಂಡ ಕಾರ್ಮಿಕರ ಹೆಸರು ಬಲ್ಲವರು ವಿರಳ.

ಇದನ್ನು ಓದುವಾಗ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ನೆನಪಾಗುವುದು ಸಹಜ. ಖಾರ ಮಂಡಕ್ಕಿಯ ರುಚಿಯನ್ನು ನಾಡೇ ಹೊಗಳುತ್ತದೆ. ಕಾದ ಮರಳಿನ ಮುಂದೆ, ಹೊಗೆಯ ನಡುವೆ ಬೆವರಿಳಿಸುವವರ ಎದೆಯ ಸ್ಥಿತಿ ಏನೆಂದು ತಿನ್ನುವ ನಾವು ವಿಚಾರಿಸುವುದು ಕಡಿಮೆ. ತಿಂಡಿ ಹಗುರವಾದಷ್ಟೂ ಅದರ ಹಿಂದಿನ ದುಡಿಮೆ ಕಾಣದಾಗುತ್ತದೆ.

ನಮ್ಮ ಮನೆಗಳಲ್ಲಿ ಪ್ರೆಷರ್ ಕುಕ್ಕರಿನಲ್ಲಿ ವಿಷಲ್ ಹಾಕದೆ ಪಾಪ್‌ಕಾರ್ನ್ ಮಾಡುವ ರೂಢಿ ಬಂದಿದೆ. ನಿಜಕ್ಕೂ ದಪ್ಪ ತಳದ ಒಂದು ಪಾತ್ರೆ, ಸಡಿಲವಾದ ಮುಚ್ಚಳ ಸಾಕು. ಎರಡು ಮೂರು ಚಮಚ ಎಣ್ಣೆಯೊಡನೆ ಮೂರೇ ಕಾಳು ಹಾಕಿಡಬೇಕು. ಅವು ಸಿಡಿದವೆಂದರೆ ಎಣ್ಣೆ ಹದಕ್ಕೆ ಬಂದಿದೆ ಎಂದರ್ಥ. ಆಗ ಅರ್ಧ ಬಟ್ಟಲು ಕಾಳು ಸುರಿದು, ಮುಚ್ಚಿ, ಪಾತ್ರೆಯನ್ನು ಆಗಾಗ ಅಲುಗಿಸುತ್ತಿರಬೇಕು. ಮುಚ್ಚಳದ ಸಂದಿಯಿಂದ ಆವಿ ಹೊರಹೋಗದಿದ್ದರೆ ಅರಳು ಮೆತ್ತಗಾಗುತ್ತದೆ. ಸಿಡಿತದ ನಡುವೆ ಎರಡು ಮೂರು ಸೆಕೆಂಡ್ ಬಿಡುವು ಬಂದಾಗ ಇಳಿಸಬೇಕು. ಬೆಣ್ಣೆಯನ್ನು ಮೊದಲೇ ಹಾಕಿದರೆ, ಅರಳುವ ಶಾಖ ಬರುವ ಮುನ್ನವೇ ಅದರೊಳಗಿನ ಹಾಲಿನ ಅಂಶ ಸೀದುಹೋಗುತ್ತದೆ. ಅದರಲ್ಲಿ ಆರನೆಯ ಒಂದು ಪಾಲು ನೀರೂ ಇರುವುದರಿಂದ ಬೇರೆಯಾಗಿ ಕರಗಿಸಿ, ಕೊನೆಗೆ ಸ್ವಲ್ಪ ಸ್ವಲ್ಪವೇ ಸುರಿದು ಕಲಸುವುದು ಲೇಸು. ತುಪ್ಪಕ್ಕೆ ಈ ಎರಡು ತೊಂದರೆಗಳೂ ಇಲ್ಲ. ಅದರಲ್ಲೇ ಅರಳಿಸಬಹುದು.

ಪಾತ್ರೆಯ ತಳದಲ್ಲಿ ಕೆಲವು ಕಾಳುಗಳು ಅರಳದೆ ಉಳಿಯುತ್ತವೆ. ಅಮೆರಿಕದಲ್ಲಿ ಅವನ್ನು ‘ಮದುವೆಯಾಗದ ಮುದುಕಿಯರು’ ಎಂದು ಕುಹಕವಾಗಿ ಕರೆಯುವುದುಂಟು. ಸಿಪ್ಪೆಯ ಹೆಣಿಗೆಯಲ್ಲಿ ಸಡಿಲವಿದ್ದು ತೇವ ಸೋರಿಹೋದ ಕಾಳು ಅರಳದೆಂದು 2005ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡರು. ಚರಿತ್ರೆಯಲ್ಲಿ ಹೆಸರು ಸಿಗದವರಿಗೆ ಅಡ್ಡಹೆಸರು ಮಾತ್ರ ಬೇಗ ಸಿಗುತ್ತದೆ. ಮಕ್ಕಳು ಬಟ್ಟಲು ಹಿಡಿದು ಕುಳಿತಾಗ, ಇದು ಮಕ್ಕಾದಿಂದ ಬಂದದ್ದೂ ಅಲ್ಲ, ಸಿನಿಮಾ ಮಂದಿರದಲ್ಲಿ ಹುಟ್ಟಿದ್ದೂ ಅಲ್ಲ, ಮೆಕ್ಸಿಕೋದ ರೈತರು ಕೊಟ್ಟದ್ದು ಎಂದು ಹೇಳಲು ನಮಗೆ ಒಂದು ನಿಮಿಷ ಸಾಕು.